ಮೊಣಕಾಲ ಕೆಳಗೆ ಉಬ್ಬು: ಮಗನ ಖೋ ಖೋ ಬಿಡಿಸಬೇಕಾ?

ಪ್ರಶ್ನೆ, ಗದಗದಿಂದ:
ಮಗನಿಗೆ 13 ವರ್ಷ. ಖೋ ಖೋ ಅಂದರೆ ಪ್ರಾಣ. ಈ ವರ್ಷ ಒಮ್ಮೆಲೇ ಎತ್ತರ ಆಗಿದ್ದಾನೆ, ಜೂನ್‌ನಲ್ಲಿ ಹೊಲಿಸಿದ ಪ್ಯಾಂಟು ಈಗ ನಾಲ್ಕು ಬೆರಳು ಮೇಲೆ ಬಂದಿದೆ. ಎರಡು ತಿಂಗಳಿಂದ ಬಲ ಮೊಣಕಾಲ ಚಿಪ್ಪಿನ ಕೆಳಗೆ ನೋವು. ಅಲ್ಲೊಂದು ಗಟ್ಟಿ ಉಬ್ಬು, ಮುಟ್ಟಿದರೆ ಚೀರುತ್ತಾನೆ. ಅತ್ತೆ ದಿನಾ ಎಣ್ಣೆ ಹಚ್ಚಿ ತಿಕ್ಕುತ್ತಾರೆ. ಆಟ ಬಿಡು ಅಂದರೆ ಅಳುತ್ತಾನೆ, ನನ್ನ ಕರುಳು ಚುರ್ ಅನ್ನುತ್ತದೆ.

ಉತ್ತರ, ಧಾರವಾಡದಿಂದ:
ಅಕ್ಕಾ, ನನ್ನ ಮಗಳಿಗೂ 12ಕ್ಕೆ ಹೀಗೇ ಆಗಿತ್ತು. ಡಾಕ್ಟರು ಆಸ್‌ಗುಡ್-ಶ್ಲಾಟರ್ ಅಂದರು. ಚಿಪ್ಪಿನಿಂದ ಇಳಿಯುವ ಟೆಂಡನ್ (ಹಗ್ಗದಂಥ ಗಟ್ಟಿ ನಾರು) ಕೆಳಗಿನ ಎಲುಬಿಗೆ ಅಂಟುವ ಜಾಗ ಈ ವಯಸ್ಸಿನಲ್ಲಿ ಇನ್ನೂ ಮೆತ್ತಗಿರುತ್ತದೆ. ಓಡಿದಾಗ, ಜಿಗಿದಾಗ ತೊಡೆಯ ಸ್ನಾಯು ಅದನ್ನೇ ಜಗ್ಗುತ್ತದೆ. ಖೋ ಖೋದಲ್ಲಿ ಕೂತಲ್ಲಿಂದ ದಿಢೀರ್ ಎದ್ದು ಓಡೋದೇ ಜಾಸ್ತಿ ಅಲ್ವಾ? ಉಬ್ಬನ್ನು ದಯವಿಟ್ಟು ತಿಕ್ಕಿಸಬೇಡಿ. ಆಟ ಮುಗಿದ ಮೇಲೆ ಬಟ್ಟೆಯಲ್ಲಿ ಐಸ್ ಸುತ್ತಿ 15 ನಿಮಿಷ ಇಡಿ. ಆಟ ಪೂರ್ತಿ ಬಿಡಿಸೋದು ಬೇಡ, ಕಡಿಮೆ ಮಾಡಿಸಿ. ಕುಂಟುವ ದಿನ ಮಾತ್ರ ಮೈದಾನಕ್ಕೆ ಬೇಡವೇ ಬೇಡ. ಬೆಳವಣಿಗೆ ಮುಗಿದ ಮೇಲೆ ಸಾಮಾನ್ಯವಾಗಿ ನೋವು ಹೋಗುತ್ತದೆ. ಉಬ್ಬು ಉಳಿಯಬಹುದು, ನನ್ನ ಮಗಳಿಗೆ ಇನ್ನೂ ಇದೆ.

ಉತ್ತರ, ಹಾವೇರಿಯಿಂದ:
ಆದರೂ ಒಮ್ಮೆ ಎಲುಬಿನ ಡಾಕ್ಟರಿಗೆ ತೋರಿಸಿ. ನಿದ್ದೆಯಿಂದ ಎಬ್ಬಿಸುವ ನೋವು, ಜ್ವರ, ಕೀಲು ಊದುವುದು ಕಂಡರೆ ಒಂದು ದಿನವೂ ತಡ ಬೇಡ. ಸೊಂಟದ ಕೀಲಿನ ತೊಂದರೆಯೂ ಈ ವಯಸ್ಸಲ್ಲಿ ಮೊಣಕಾಲ ನೋವಾಗಿ ಕಾಣಿಸಬಹುದು.

ಪ್ರಶ್ನೆ ಕೇಳಿದವರು:
ಎಣ್ಣೆ ತಿಕ್ಕೋದು ಇವತ್ತೇ ನಿಲ್ಲಿಸಿದೆ. ಸೋಮವಾರ ಹುಬ್ಬಳ್ಳಿಗೆ ಕರೆದುಕೊಂಡು ಹೋಗುತ್ತೇನೆ.