ಹಳೆ ಬೆಳ್ಳಿ ರೂಪಾಯಿ: ದರ್ಜೆ ನೋಡೋದು ಹೇಗೆ, ತೊಳೀಬೇಕಾ ಬೇಡವಾ?

ಗಂಗಾವತಿ_ಪೇಟೆ:
ದೇವರ ಪೆಟ್ಟಿಗೆಯಲ್ಲಿದ್ದ ಬೆಳ್ಳಿ ರೂಪಾಯಿಗಳನ್ನು ವಿಂಗಡಿಸುತ್ತಿದ್ದೇನೆ. 1862ರ ವಿಕ್ಟೋರಿಯಾ ಎರಡು, 1919ರ ಐದನೇ ಜಾರ್ಜ್ ಮೂರು, 1944ರದ್ದು ಒಂದು, ಚಾರ್‌ಮಿನಾರ್ ಇರುವ ನಿಜಾಮರ ರೂಪಾಯಿ ನಾಲ್ಕು. ಕೆಲವು ಪೂರ್ತಿ ಕಪ್ಪಗಾಗಿವೆ, ಎರಡಕ್ಕೆ ಅರಿಶಿನ, ಎಣ್ಣೆ ಮೆತ್ತಿದೆ, 1944ರದ್ದರ ಮೇಲೆ ಹಸಿರು ಬಂದಿದೆ. ಚಾರ್‌ಮಿನಾರ್ ನಾಣ್ಯಗಳು ಉಳಿದವಕ್ಕಿಂತ ಅರ್ಧ ಗ್ರಾಂ ಕಡಿಮೆ ತೂಗುತ್ತವೆ. ಖೋಟಾ ಇರಬಹುದಾ? ದರ್ಜೆ ಹೇಗೆ ಗುರುತಿಸೋದು? ಅಕ್ಕಸಾಲಿಗರ ಹತ್ತಿರ ಹೊಳಪು ಹಾಕಿಸಬಹುದಾ?

ಹಾಲಿಸಿಕ್ಕಾ_ರಾಯಚೂರು:
ತೂಕ ಕಡಿಮೆ ಅಂತ ಚಾರ್‌ಮಿನಾರ್ ನಾಣ್ಯಗಳನ್ನು ಖೋಟಾ ಗುಂಪಿಗೆ ಹಾಕಬೇಡಿ. ನಿಮ್ಮ ಕಡೆ, ನಮ್ಮ ರಾಯಚೂರು ಕಡೆ ಹಾಲಿ ಸಿಕ್ಕಾ ಅನ್ನೋ ನಿಜಾಮರ ರೂಪಾಯಿ ನಡೀತಿತ್ತು. ಹೊಳೆ ದಾಟಿದರೆ ಕಂಪ್ಲಿ, ಹೊಸಪೇಟೆ, ಬಳ್ಳಾರಿಯೆಲ್ಲ ಮದ್ರಾಸ್ ಪ್ರಾಂತ್ಯ, ಅಲ್ಲಿ ಬ್ರಿಟಿಷ್ ರೂಪಾಯಿ. ಎರಡರ ಅಳತೆಯೇ ಬೇರೆ. ಬ್ರಿಟಿಷ್ ರೂಪಾಯಿ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ, ಬೆಳ್ಳಿ ಶೇ. 91.7. ಹಾಲಿ ಸಿಕ್ಕಾ 11.18 ಗ್ರಾಂ, ಬೆಳ್ಳಿ ಶೇ. 81.8. ನೀವು ಹೇಳುವ ಅರ್ಧ ಗ್ರಾಂ ಅದೇ. ಚಾರ್‌ಮಿನಾರಿನ ಬಾಗಿಲಲ್ಲಿ ಒಂದು ಉರ್ದು ಅಕ್ಷರ ಇರುತ್ತದೆ, ಭೂತಗನ್ನಡಿ ಹಿಡಿದು ನೋಡಿ: ‘ಮೀಮ್’ (م) ಇದ್ದರೆ ನಿಜಾಮ ಮೆಹಬೂಬ್ ಅಲಿ ಖಾನ್, ‘ಐನ್’ (ع) ಇದ್ದರೆ ಉಸ್ಮಾನ್ ಅಲಿ ಖಾನ್ ಕಾಲದ್ದು.

ಖೋಟಾ ಪರೀಕ್ಷೆಗೆ ಆಯಸ್ಕಾಂತ ಒಂದನ್ನೇ ನಂಬಬೇಡಿ. ಹಿತ್ತಾಳೆ, ಸೀಸದ ಖೋಟಾ ಕೂಡ ಅದಕ್ಕೆ ಅಂಟಲ್ಲ. ಅಸಲಿ 1947ರ ರೂಪಾಯಿ ಅಂಟುತ್ತದೆ, ಅದು ನಿಕಲ್. ನೀರಿನ ತೂಕ ಮಾಡಿ. 0.01 ಗ್ರಾಂ ತೋರಿಸುವ ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ನಾಣ್ಯವನ್ನು ತೆಳ್ಳನೆ ದಾರದಲ್ಲಿ ಕಟ್ಟಿ ಪೂರ್ತಿ ಮುಳುಗಿಸಿ. ತಳ, ಗೋಡೆ ಎಲ್ಲಿಯೂ ತಾಗಬಾರದು. ಆಗ ತಕ್ಕಡಿ 1862, 1919ರವಕ್ಕೆ ಸುಮಾರು 1.13 ಗ್ರಾಂ ತೋರಿಸಬೇಕು, ಹಾಲಿ ಸಿಕ್ಕಾಕ್ಕೆ 1.10, 1944ರದ್ದಕ್ಕೆ 1.22ರ ಆಸುಪಾಸು. 1940ರಿಂದ ಬ್ರಿಟಿಷ್ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕೆ ಇಳಿಯಿತು, ಅದಕ್ಕೇ ಈ ವ್ಯತ್ಯಾಸ. ಪೂರ್ತಿ ತೂಕದ ರೂಪಾಯಿ 1.3 ದಾಟಿದರೆ ಅನುಮಾನ ಪಡಿ. ನಾಣ್ಯಕ್ಕೆ ಗಾಳಿಗುಳ್ಳೆ ಅಂಟಿಕೊಂಡರೆ ಲೆಕ್ಕ ತಪ್ಪುತ್ತದೆ, ದಾರವನ್ನು ಮೆಲ್ಲಗೆ ಅಲುಗಿಸಿ ಬಿಡಿಸಿ.

ಕೋಟೆ_ಬಳ್ಳಾರಿ:
ದರ್ಜೆ ಬಗ್ಗೆ ನಾನು ಹೇಳ್ತೀನಿ. ಮೊದಲು ಕಪ್ಪನ್ನು ಮರೆತುಬಿಡಿ. ಕಪ್ಪು ಬೇರೆ, ಸವೆತ ಬೇರೆ. ಕೋಣೆಯ ಬೇರೆ ದೀಪ ಆರಿಸಿ, ಒಂದೇ ಬಲ್ಬು ಓರೆಯಾಗಿ ಬೀಳುವಂತೆ ಇಟ್ಟುಕೊಳ್ಳಿ. ನಾಣ್ಯದ ಅಂಚು ಮಾತ್ರ ಹಿಡಿದು ನಿಧಾನಕ್ಕೆ ಓಲಾಡಿಸಿ. ಬೆಳಕು ಗಾಡಿ ಚಕ್ರದ ಅರೆಗಳ ಹಾಗೆ ಮೈಮೇಲೆ ಸುತ್ತಿದರೆ ಟಂಕಸಾಲೆಯ ಹೊಳಪು ಇನ್ನೂ ಇದೆ ಅಂತ. ಕಪ್ಪಿನ ಕೆಳಗೂ ಅದು ಕಾಣುತ್ತದೆ.

ಸವೆತ ಶುರುವಾಗೋದು ಎತ್ತರದ ಜಾಗದಲ್ಲಿ. 1862ರಲ್ಲಿ ರಾಣಿಯ ಕಿವಿ ಮೇಲಿನ ಕೂದಲೆಳೆ, ಕಿರೀಟದ ಮುತ್ತು, ಉಡುಪಿನ ಕಸೂತಿ ನೋಡಿ. 1919ರಲ್ಲಿ ಹುಬ್ಬು, ಮೀಸೆ, ಕಿರೀಟದ ಪಟ್ಟಿ, ನಿಲುವಂಗಿ ಮೇಲಿನ ಪುಟ್ಟ ಆನೆ. ಆನೆ ಬರೀ ಉಬ್ಬಾಗಿ ಉಳಿದು, ಕಿರೀಟದ ಹರಳುಗಳು ಒಂದರಲ್ಲೊಂದು ಸೇರಿಹೋಗಿದ್ದರೆ ‘ಫೈನ್’ ಅನ್ನೋ ದರ್ಜೆ. ಆನೆಯ ಆಕಾರ ಚೊಕ್ಕವಾಗಿದ್ದು ಒಳಗಿನ ಗೆರೆ ಮಾತ್ರ ಮಾಸಿದ್ದರೆ ವೆರಿ ಫೈನ್. ಗೆರೆಗಳೆಲ್ಲ ಇದ್ದು, ಹುಬ್ಬಿನ ತುದಿ ಮಾತ್ರ ಬೂದು ತಿರುಗಿದ್ದರೆ ಎಕ್ಸ್‌ಟ್ರಾ ಫೈನ್ ಅಥವಾ ಅದಕ್ಕೂ ಮೇಲೆ.

ಅಚ್ಚು ಸರಿಯಾಗಿ ಕೂರದೆ ಮಂಕಾದದ್ದನ್ನು ಸವೆತ ಅಂತ ತಿಳಿಯಬೇಡಿ. ಅಂಥ ಕಡೆ ಹೊಳಪು ಹಾಗೇ ಸುತ್ತುತ್ತದೆ. ಸವೆದ ಕಡೆ ಮೈ ನುಣ್ಣಗಾಗಿ ಬಣ್ಣ ಬದಲಾಗಿರುತ್ತದೆ. ಇನ್ನು 1862 ಎಂದಿರುವ ರೂಪಾಯಿಯನ್ನು 1874ರವರೆಗೂ ಅದೇ ಇಸವಿ ಹಾಕಿ ಹೊಡೆದಿದ್ದಾರೆ. ಹಿಂಬದಿಯ ಸಣ್ಣ ಚುಕ್ಕೆಗಳ ಲೆಕ್ಕ ನೋಡಿ ಬಗೆ ಹೇಳಬೇಕು. ಆ ಚುಕ್ಕೆ ಹುಣಸೆಹಣ್ಣು, ಪೀತಾಂಬರಿ ಪುಡಿ ಹಾಕಿ ತಿಕ್ಕಿದ್ದಕ್ಕೆ ಅಳಿಸಿಹೋದರೆ ಮುಗೀತು.

ಹಾಲಿಸಿಕ್ಕಾ_ರಾಯಚೂರು:
ಹೊಳಪು ಹಾಕಿಸೋದಂತೂ ಬೇಡವೇ ಬೇಡ. ಹಿತ್ತಾಳೆ ಬ್ರಷ್, ಬಫ್ ಚಕ್ರ ಒಡವೆಗೆ ಸರಿ, ನಾಣ್ಯಕ್ಕೆ ಅಲ್ಲ. ಅಚ್ಚು ಬಿದ್ದಾಗ ಬೆಳ್ಳಿ ಹರಿದು ಮೂಡಿದ ಸಣ್ಣ ಗೆರೆಗಳಿಂದಲೇ ಆ ಸುತ್ತುವ ಹೊಳಪು ಬರೋದು. ತಿಕ್ಕಿದರೆ ಅವು ಹೋಗಿ ಕೂದಲಿನಂಥ ಗೀರು ಉಳಿಯುತ್ತವೆ. ಅಂಗಡಿಯ ಸಿಲ್ವರ್ ಡಿಪ್ (ಬೆಳ್ಳಿಯ ಕಪ್ಪು ತೆಗೆಯುವ ದ್ರವ) ಕಪ್ಪಿನ ಜೊತೆ ಬೆಳ್ಳಿಯ ಮೇಲ್ಪದರವನ್ನೂ ಕರಗಿಸುತ್ತದೆ, ನಾಣ್ಯ ಸುಣ್ಣದ ಹಾಗೆ ಬೆಳ್ಳಗಾಗಿ ಸತ್ತಂತೆ ಕಾಣುತ್ತದೆ. ಸರಿಯಾಗಿ ತೊಳೆಯದೆ ಬಿಟ್ಟರೆ ಆಮೇಲೆ ಕಂದು ಕಲೆ ಬೇರೆ.

ಅರಿಶಿನ, ಎಣ್ಣೆಗೆ ಶುದ್ಧ ಅಸಿಟೋನ್ ಸಾಕು. ಉಗುರುಬಣ್ಣ ತೆಗೆಯುವ ದ್ರವ ಬೇಡ, ಅದರಲ್ಲಿ ಬಣ್ಣ, ಎಣ್ಣೆ ಬೆರೆಸಿರುತ್ತಾರೆ. ಗಾಜಿನ ಬಟ್ಟಲಲ್ಲಿ 50 ಮಿ.ಲೀ. ಹಾಕಿ ಒಂದೊಂದೇ ನಾಣ್ಯವನ್ನು 15 ನಿಮಿಷ ನೆನೆಸಿ, ಹಳದಿ ಬಿಟ್ಟಮೇಲೆ ಹೊಸ ಅಸಿಟೋನಿನಲ್ಲಿ ಇನ್ನೊಮ್ಮೆ. ಕಿಟಕಿ ತೆಗೆದಿರಲಿ, ದೀಪ, ಒಲೆ ಹತ್ತಿರ ಇರಬಾರದು. ಆಮೇಲೆ ಡಿಸ್ಟಿಲ್ಡ್ ವಾಟರ್‌ನಲ್ಲಿ ಅದ್ದಿ, ಮೆತ್ತನೆ ಹತ್ತಿಬಟ್ಟೆ ಮೇಲೆ ಒತ್ತಿ ಒಣಗಿಸಿ. ಒರೆಸಬೇಡಿ. ಕಪ್ಪು ಹಾಗೇ ಇರುತ್ತದೆ, ಇರಲಿ.

ಗಂಗಾವತಿ_ಪೇಟೆ:
1944ರ ಹಸಿರಿಗೂ ಅಸಿಟೋನೇ ಸಾಕಾ? ಪ್ಲಾಸ್ಟಿಕ್ ಆಲ್ಬಮ್‌ನಲ್ಲಿತ್ತು.

ಕೋಟೆ_ಬಳ್ಳಾರಿ:
ಹಲ್ಲುಕಡ್ಡಿಯಿಂದ ಅಂಚಿನಲ್ಲಿ ಮುಟ್ಟಿ ನೋಡಿ. ಅಂಟಂಟಾಗಿದ್ದರೆ ಆಲ್ಬಮ್ಮಿನ ಪ್ಲಾಸ್ಟಿಕ್ ಬಿಟ್ಟ ಪಿವಿಸಿ ಜಿಡ್ಡು, ಅಸಿಟೋನಿಗೆ ಬಿಡುತ್ತದೆ. ಗಟ್ಟಿಯಾಗಿ ಪುಡಿ ಪುಡಿಯಾಗಿದ್ದರೆ ತಾಮ್ರದ ಕಿಲುಬು. ಆ ನಾಣ್ಯದಲ್ಲಿ ಶೇ. 40 ತಾಮ್ರ ಇದೆ. ಲಿಕ್ವಿಡ್ ಪ್ಯಾರಫಿನ್‌ನಲ್ಲಿ ಒಂದು ವಾರ ನೆನೆಯಲಿ, ನೆನೆಸಿದ ಮರದ ಕಡ್ಡಿಗೆ ಎದ್ದಷ್ಟು ಮಾತ್ರ ತೆಗೆದು, ಕೊನೆಗೆ ಅಸಿಟೋನಿನಲ್ಲಿ ಎಣ್ಣೆ ಬಿಡಿಸಿ. ಕಿಲುಬಿನ ಕೆಳಗೆ ಗುಳಿ ಬಿದ್ದಿದ್ದರೆ ಅದು ಮತ್ತೆ ತುಂಬಲ್ಲ, ಕೆರೆಯಬೇಡಿ. ಆ ಆಲ್ಬಮ್ ಬಿಸಾಕಿ ಮೈಲಾರ್ (ಪಿವಿಸಿ ಇಲ್ಲದ ಪಾಲಿಯೆಸ್ಟರ್) ಹಾಳೆಗೆ ಹಾಕಿ. ರಬ್ಬರ್‌ಬ್ಯಾಂಡ್ ಮಾತ್ರ ಹತ್ತಿರ ಸುಳಿಯಬಾರದು, ಅದರಲ್ಲಿನ ಗಂಧಕ ಬೆಳ್ಳಿ ಮೇಲೆ ಕಪ್ಪು ಪಟ್ಟಿ ಎಳೆಯುತ್ತದೆ.