ಹೊಸ ಟಿವಿ, ಹಳೆಯ ಆಂಟೆನಾ: ಧಾರವಾಡದಿಂದ ಡಿಜಿಟಲ್ ದೂರದರ್ಶನ ಸಿಗುತ್ತದೆಯೇ?

ಕೇಳಿದವರು, ಗದಗ ತಾಲ್ಲೂಕು:

ನಮಸ್ಕಾರ. ಊರಲ್ಲಿರುವ ತಂದೆಯವರಿಗೆ ಹೊಸ ಟಿವಿ ಕೊಡಿಸಿದ್ದೇನೆ. ಅವರಿಗೆ ಬೇಕಾದದ್ದು ಚಂದನ ವಾಹಿನಿಯ ವಾರ್ತೆ, ಕೃಷಿ ಕಾರ್ಯಕ್ರಮ, 'ಥಟ್ ಅಂತ ಹೇಳಿ', ಅಷ್ಟೇ. ತಿಂಗಳು ತಿಂಗಳು ರೀಚಾರ್ಜ್ ಮಾಡಿಸುವುದೆಂದರೆ ಅವರಿಗೆ ಆಗಿಬರದು. ಅಂಗಡಿಯವರು, "ಇದರಲ್ಲಿ ಡಿಜಿಟಲ್ ಟ್ಯೂನರ್ ಇದೆ, ಹಳೆಯ ಆಂಟೆನಾ ಇದ್ದರೆ ಅದನ್ನೇ ಜೋಡಿಸಿ, ಧಾರವಾಡದ ಸಿಗ್ನಲ್ ಬರುತ್ತದೆ" ಎಂದು ಹೇಳಿ ಕಳುಹಿಸಿದರು. ಮಾಳಿಗೆಯ ಮೇಲೆ ಅಲ್ಯೂಮಿನಿಯಂ ಕಡ್ಡಿಗಳ ಆಂಟೆನಾ ಇನ್ನೂ ನಿಂತಿದೆ. ವೈರ್ ಹೊಸದು ಹಾಕಿ ಸ್ಕ್ಯಾನ್ ಮಾಡಿದೆ. ಸ್ಕ್ಯಾನ್ ಪೂರ್ತಿ ಮುಗಿದರೂ ಚಾನೆಲ್ ಸೊನ್ನೆ. ಆಂಟೆನಾ ಇನ್ನೂ ಎತ್ತರಿಸಬೇಕೇ? ಬೂಸ್ಟರ್ ಹಾಕಬೇಕೇ? ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಹುಬ್ಬಳ್ಳಿ, ಟಿವಿ ದುರಸ್ತಿ ಮಾಡುವವನು:

ಬೂಸ್ಟರ್‌ಗೆ ದುಡ್ಡು ಹಾಕಬೇಡಿ ಸರ್. ಬೂಸ್ಟರ್ ಇರುವ ಸಿಗ್ನಲನ್ನು ದೊಡ್ಡದು ಮಾಡುತ್ತದೆಯೇ ಹೊರತು ಇಲ್ಲದ ಸಿಗ್ನಲನ್ನು ಹುಟ್ಟಿಸುವುದಿಲ್ಲ. ನಿಮ್ಮ ಆಂಟೆನಾ, ವೈರ್, ಟಿವಿ ಮೂರೂ ಸರಿ ಇರಬಹುದು. ಆ ಕಡೆಯಿಂದ ಬರುವುದೇ ನಿಂತಿದೆ.

ನಡೆದದ್ದು ಇಷ್ಟು. ಕಡ್ಡಿ ಆಂಟೆನಾ ಹಿಡಿಯುತ್ತಿದ್ದುದು ದೂರದರ್ಶನದ ಹಳೆಯ ಅನಲಾಗ್ ಪ್ರಸಾರವನ್ನು. ಗಡಿಭಾಗದಂಥ ಕೆಲವು ಆಯಕಟ್ಟಿನ ಸ್ಥಳಗಳನ್ನು ಬಿಟ್ಟು ದೇಶದ ಉಳಿದ ಅನಲಾಗ್ ಟಿವಿ ಪ್ರಸಾರಕಗಳನ್ನೆಲ್ಲ 2022ರ ಮಾರ್ಚ್ ವೇಳೆಗೆ ಮುಚ್ಚುವುದೆಂದು ದೂರದರ್ಶನವನ್ನು ನಡೆಸುವ ಪ್ರಸಾರ ಭಾರತಿ ತೀರ್ಮಾನಿಸಿತು. ಅದರ ಜಾಗಕ್ಕೆ ಬರಬೇಕಿದ್ದ ಡಿಜಿಟಲ್ ಭೂಪ್ರಸಾರ, ಅಂದರೆ ಡಿವಿಬಿ-ಟಿ2, 2016ರ ಫೆಬ್ರವರಿಯಲ್ಲಿ 16 ನಗರಗಳಲ್ಲಿ ಶುರುವಾಯಿತು. ಕರ್ನಾಟಕದ ಪಾಲಿಗೆ ಆ ಪಟ್ಟಿಯಲ್ಲಿದ್ದದ್ದು ಬೆಂಗಳೂರು ಒಂದೇ. ಹುಬ್ಬಳ್ಳಿ-ಧಾರವಾಡದ ಸರದಿ ಬರಲಿಲ್ಲ. ಬೆಂಗಳೂರಿನ ಸಿಗ್ನಲ್ ನಾಲ್ಕು ನೂರು ಕಿಲೋಮೀಟರ್ ದಾಟಿ ಇಲ್ಲಿಗೆ ಬರುವ ಮಾತೇ ಇಲ್ಲ.

ಅಂಗಡಿಯವರು ಸುಳ್ಳು ಹೇಳಿಲ್ಲ, ಅರ್ಧ ಹೇಳಿದ್ದಾರೆ. ಟ್ಯೂನರ್ ಇರುವುದು ನಿಜ. ಅದಕ್ಕೆ ಹಿಡಿಯಲು ಈ ಸೀಮೆಯಲ್ಲಿ ಏನೂ ಇಲ್ಲ.

ಹಾವೇರಿ ಜಿಲ್ಲೆ, ಬ್ಯಾಡಗಿ:

ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮಲ್ಲಿ ಆಕಾಶವಾಣಿ ಧಾರವಾಡ ಇಂದಿಗೂ ಸ್ಪಷ್ಟವಾಗಿ ಬರುತ್ತದೆ. ಮೆಣಸಿನಕಾಯಿ ಒಣಹಾಕಿದ ಕಣದಲ್ಲಿ ಕುಳಿತು ಸಣ್ಣ ರೇಡಿಯೊದಲ್ಲೇ ಕೇಳುತ್ತೇವೆ. ಅಲ್ಲಿಂದ ರೇಡಿಯೊ ಬರುವುದಾದರೆ ಟಿವಿ ಕಳುಹಿಸಲು ಏನು ಕಷ್ಟ?

ಧಾರವಾಡ, ನಿವೃತ್ತ ಭೌತಶಾಸ್ತ್ರ ಅಧ್ಯಾಪಕ:

ಒಳ್ಳೆಯ ಪ್ರಶ್ನೆ. 1950ರಲ್ಲಿ ಶುರುವಾದ ನಮ್ಮ ಆಕಾಶವಾಣಿ 765 ಕಿಲೋಹರ್ಟ್ಸ್‌ನಲ್ಲಿ ಕೇಳಿಸುತ್ತದೆ. ಆ ಅಲೆಯ ಉದ್ದ ಸುಮಾರು 390 ಮೀಟರ್. ಅಷ್ಟು ಉದ್ದದ ಅಲೆ ನೆಲವನ್ನು ಅಪ್ಪಿಕೊಂಡು ಸಾಗುತ್ತದೆ, ಗುಡ್ಡವಾಗಲಿ ಊರಾಗಲಿ ಅದಕ್ಕೆ ದೊಡ್ಡ ಅಡ್ಡಿಯಲ್ಲ. ಡಿಜಿಟಲ್ ಟಿವಿ ಸಾಗುವುದು ಯುಎಚ್ಎಫ್ ಪಟ್ಟಿಯಲ್ಲಿ, ಅಲ್ಲಿ ಅಲೆಯ ಉದ್ದ ಅರ್ಧ ಮೀಟರ್ ಆಸುಪಾಸು. ಅದು ಹೆಚ್ಚುಕಡಿಮೆ ನೇರವಾಗಿಯೇ ಹೋಗುತ್ತದೆ, ಭೂಮಿ ಬಾಗಿದಲ್ಲಿ ತಾನು ಬಾಗುವುದಿಲ್ಲ. ಆದ್ದರಿಂದ ಟಿವಿಗೆ ಎತ್ತರದ ಗೋಪುರ ಬೇಕು, ಐವತ್ತು ಅರವತ್ತು ಕಿಲೋಮೀಟರಿಗೊಂದು ಕೇಂದ್ರ ಬೇಕು. ಖರ್ಚಿನ ಲೆಕ್ಕ ಅಲ್ಲಿಂದ ಶುರು. ಒಂದೇ ಉಪಗ್ರಹ ಇಡೀ ದೇಶಕ್ಕೆ ತಲುಪಿಸುವಾಗ ಯಾರು ಗೋಪುರ ಕಟ್ಟುತ್ತಾರೆ?

ಇನ್ನೊಂದು ಮಾತು. ಅನಲಾಗ್‌ನಲ್ಲಿ ಸಿಗ್ನಲ್ ಕುಗ್ಗಿದರೆ ಚಿತ್ರದ ಮೇಲೆ ಚುಕ್ಕಿ ಚುಕ್ಕಿ ಬರುತ್ತಿತ್ತು, ಧ್ವನಿಯಾದರೂ ಕೇಳುತ್ತಿತ್ತು. ಒಬ್ಬರು ಮೇಲೆ ಹತ್ತಿ ಆಂಟೆನಾ ತಿರುಗಿಸುವುದು, ಕೆಳಗಿನವರು "ಬಂತು, ಬಂತು, ಹೋಯಿತು" ಎಂದು ಕೂಗುವುದು ಸಾಧ್ಯವಾಗಿದ್ದು ಆ ಕಾರಣಕ್ಕೇ. ಡಿಜಿಟಲ್‌ನಲ್ಲಿ ಆ ಸಲಿಗೆ ಇಲ್ಲ. ಒಂದು ಮಟ್ಟದವರೆಗೆ ಚಿತ್ರ ಸ್ವಚ್ಛ, ಅದರ ಕೆಳಗೆ ಇಳಿದರೆ ಪರದೆ ಖಾಲಿ.

ರಾಣೆಬೆನ್ನೂರು, ಗೃಹಿಣಿ:

ಗದಗಿನ ಅಣ್ಣನವರಿಗೆ: ನೀವು ಕೇಳುತ್ತಿರುವುದಕ್ಕೆ ಉತ್ತರ ಡಿಡಿ ಫ್ರೀ ಡಿಶ್, ಅಂದರೆ ದೂರದರ್ಶನದವರ ಉಚಿತ ಉಪಗ್ರಹ ಟಿವಿ. ನಮ್ಮ ಅತ್ತೆಯವರ ಮನೆಯಲ್ಲಿ ಅದೇ ಇದೆ. ಡಿಶ್, ಬಾಕ್ಸ್, ವೈರ್ ಸೇರಿ ಎರಡು ಸಾವಿರದ ಒಳಗೆ-ಹೊರಗೆ ಒಂದು ಸಲ ಕೊಟ್ಟರೆ ಮುಗಿಯಿತು, ಮಾಸಿಕ ಶುಲ್ಕ ಇಲ್ಲ. ಚಂದನ ಬರುತ್ತದೆ. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದಾಗ ಮಕ್ಕಳು ಚಂದನದಲ್ಲಿ ಪಾಠ ನೋಡಿದ್ದು ಇದರಲ್ಲಿಯೇ. ಮೊಬೈಲ್ ಡೇಟಾ ಹಾಕಿಸುವ ಚಿಂತೆ ಇರಲಿಲ್ಲ.

ಆದರೆ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೈಯಬೇಡಿ. ಅದರಲ್ಲಿ ಹಿಂದಿಯದೇ ರಾಜ್ಯಭಾರ. ಖಾಸಗಿ ವಾಹಿನಿಗಳು ಹರಾಜಿನಲ್ಲಿ ದುಡ್ಡು ಕಟ್ಟಿ ಜಾಗ ಹಿಡಿಯುತ್ತವೆ, ಅವಧಿ ಮುಗಿದರೆ ಬಿಟ್ಟು ಹೋಗುತ್ತವೆ. ಕನ್ನಡ ಧಾರಾವಾಹಿಗಳ ವಾಹಿನಿ ಬೇಕೆಂದು ಮನೆಯವರು ಹಟ ಹಿಡಿದರೆ ಇದು ಸಾಲದು. ನಿಮ್ಮ ತಂದೆಯವರ ಪಟ್ಟಿಗೆ ಮಾತ್ರ ಹೇಳಿ ಮಾಡಿಸಿದಂತಿದೆ.

ಹುಬ್ಬಳ್ಳಿ, ಟಿವಿ ದುರಸ್ತಿ ಮಾಡುವವನು:

ಅಕ್ಕ ಹೇಳಿದ್ದು ಸರಿ. ಬಾಕ್ಸ್ ಕೊಳ್ಳುವ ಮೊದಲು ಟಿವಿಯ ಹಿಂಭಾಗ ನೋಡಿ. ನೀವು ಕಡ್ಡಿ ಆಂಟೆನಾ ಜೋಡಿಸಿದ ತೂತು ನುಣುಪಾಗಿರುತ್ತದೆ, ಪಿನ್ ಒತ್ತಿದರೆ ಒಳಗೆ ಹೋಗುತ್ತದೆ. ಅದರ ಪಕ್ಕದಲ್ಲಿ ಹೊರಮೈಗೆ ತಿರುಪಿನ ಗೆರೆಗಳಿರುವ, ತಿರುಗಿಸಿ ಬಿಗಿಯುವ ಇನ್ನೊಂದು ಕೊಳವೆ ಇದ್ದರೆ ಅದು ಉಪಗ್ರಹದ್ದು. ಕೈಪಿಡಿಯಲ್ಲಿ ಡಿವಿಬಿ-ಎಸ್2 ಎಂದು ಬರೆದಿರುತ್ತದೆ. ಅದು ಇದ್ದರೆ ಡಿಶ್‌ನ ವೈರನ್ನು ನೇರವಾಗಿ ಟಿವಿಗೇ ಕೊಡಬಹುದು. ಬಾಕ್ಸ್ ಬೇಡ, ಇನ್ನೊಂದು ರಿಮೋಟ್ ಬೇಡ. ವಯಸ್ಸಾದವರಿಗೆ ಎರಡು ರಿಮೋಟ್ ಎಂಬುದೇ ದೊಡ್ಡ ತಾಪತ್ರಯ. ಇಲ್ಲದಿದ್ದರೆ ಎಂಪೆಗ್-4 (ಚಿತ್ರವನ್ನು ಕುಗ್ಗಿಸಿ ಕಳುಹಿಸುವ ಹೊಸ ಪದ್ಧತಿ) ಬಾಕ್ಸ್ ಕೊಳ್ಳಿ. ಕಡಿಮೆ ಬೆಲೆಗೆ ಸಿಗುವ ಎಂಪೆಗ್-2 ಬಾಕ್ಸ್‌ನಲ್ಲಿ ಎಲ್ಲ ಚಾನೆಲ್ ತೆರೆಯುವುದಿಲ್ಲ.

ಇನ್ನು ಡಿಶ್. ಫ್ರೀ ಡಿಶ್ ಬರುವುದು 93.5 ಡಿಗ್ರಿ ಪೂರ್ವ ರೇಖಾಂಶದ ಮೇಲಿರುವ ಜಿಸ್ಯಾಟ್-15 ಉಪಗ್ರಹದಿಂದ. ನಮ್ಮ ಭಾಗದಿಂದ ಅದು ಆಗ್ನೇಯ ದಿಕ್ಕಿನಲ್ಲಿದೆ. ಮೊಬೈಲ್‌ನ ದಿಕ್ಸೂಚಿಯಲ್ಲಿ ಸುಮಾರು 130 ಡಿಗ್ರಿ, ನೆಲದಿಂದ ಮೇಲಕ್ಕೆ ಸುಮಾರು 62 ಡಿಗ್ರಿ. ಇಲ್ಲಿ ಅನೇಕರು ತಪ್ಪುತ್ತಾರೆ: 62 ಎಂದ ತಕ್ಷಣ ಡಿಶ್‌ನ ಮುಖವನ್ನು ಆಕಾಶಕ್ಕೆ ಮಲಗಿಸಿಬಿಡುತ್ತಾರೆ. ಈ ಡಿಶ್‌ಗಳ ಆಕಾರವೇ ಓರೆ, ಕೆಳಗಿನ ತೋಳಿನಲ್ಲಿರುವ, ಸಿಗ್ನಲ್ ಹಿಡಿಯುವ ಪುಟ್ಟ ಡಬ್ಬಿಯಾದ ಎಲ್ಎನ್‌ಬಿಗೆ ಕಿರಣ ಬೀಳುವಂತೆ ಮಾಡಿರುತ್ತಾರೆ. ಹಾಗಾಗಿ ಸರಿಯಾಗಿ ಕೂತಾಗ ಡಿಶ್ ನಲವತ್ತು ಡಿಗ್ರಿಯಷ್ಟು ಮಾತ್ರ ಮೇಲೆ ನೋಡುತ್ತಿರುವಂತೆ ಕಾಣುತ್ತದೆ. ಹಿಂದಿನ ಹಿಡಿಕೆಯ ಮೇಲೆ ಅಚ್ಚಾಗಿರುವ ಅಂಕಿಯನ್ನು ನಂಬಿ, ಕಣ್ಣನ್ನು ನಂಬಬೇಡಿ.

ಉಪಗ್ರಹ ಇಷ್ಟು ಎತ್ತರದಲ್ಲಿರುವುದರಿಂದ ಒಂದು ಅನುಕೂಲವಿದೆ. ಡಿಶ್ ಮಾಳಿಗೆಯ ಮೇಲೆಯೇ ಇರಬೇಕೆಂದಿಲ್ಲ. ಆಗ್ನೇಯಕ್ಕೆ ಹತ್ತು ಅಡಿ ಗೋಡೆ ಇದ್ದರೆ ಅದರಿಂದ ಆರೇಳು ಅಡಿ ಈಚೆ ಅಂಗಳದಲ್ಲಿಟ್ಟರೂ ನಡೆಯುತ್ತದೆ. ತೆಂಗಿನ ಗರಿ ಮಾತ್ರ ಅಡ್ಡ ಬರಬಾರದು.

ಟಿವಿಯಲ್ಲಿ ಎಲ್ಎನ್‌ಬಿ 9750/10600 ಎಂದು ಆರಿಸಿ, ಮೊದಲು ಫ್ರೀಕ್ವೆನ್ಸಿ 11090, ಪೋಲರೈಸೇಶನ್ ವರ್ಟಿಕಲ್, ಸಿಂಬಲ್ ರೇಟ್ 29500 ಇಟ್ಟುಕೊಂಡು ಹುಡುಕಿ. 'ಸ್ಟ್ರೆಂತ್' ಪಟ್ಟಿ ಏರಿತೆಂದು ಖುಷಿಪಡಬೇಡಿ, ಎಲ್ಎನ್‌ಬಿಗೆ ಕರೆಂಟ್ ಹೋದರೆ ಸಾಕು ಅದು ಏರುತ್ತದೆ. ನೋಡಬೇಕಾದದ್ದು 'ಕ್ವಾಲಿಟಿ'. ಡಿಶ್ಶನ್ನು ಬೆರಳಿನಗಲ ಸರಿಸಿ, ಎರಡು ಮೂರು ಸೆಕೆಂಡು ಕಾಯಿರಿ, ಮತ್ತೆ ಸರಿಸಿ. ಟಿವಿಗೆ ಲೆಕ್ಕ ಹಾಕಲು ಅಷ್ಟು ಹೊತ್ತು ಬೇಕು, ಸರಸರ ತಿರುಗಿಸಿದರೆ ಉಪಗ್ರಹವನ್ನು ದಾಟಿ ಹೋಗಿರುತ್ತೀರಿ. ಕ್ವಾಲಿಟಿ ಸಿಕ್ಕ ಮೇಲೆ ಎಲ್ಎನ್‌ಬಿಯನ್ನೂ ಅದರ ಹಿಡಿಕೆಯೊಳಗೆ ನಿಧಾನ ತಿರುವಿ ನೋಡಿ. ಅದು ನೆಟ್ಟಗೆ ಕೂರುವುದಿಲ್ಲ, ಓರೆಯಾದಾಗಲೇ ಕ್ವಾಲಿಟಿ ಏರುತ್ತದೆ.

ಊರಲ್ಲಿ ಯಾರ ಮನೆಯಲ್ಲಾದರೂ ರೀಚಾರ್ಜ್ ನಿಲ್ಲಿಸಿದ ಸನ್ ಡೈರೆಕ್ಟ್ ಡಿಶ್ ಇದ್ದರೆ ವಿಚಾರಿಸಿ. ಅದು ನೋಡುವುದೂ 93.5 ಡಿಗ್ರಿಯನ್ನೇ. ಇದ್ದಲ್ಲಿಂದಲೇ ವೈರ್ ತಂದರೆ ಮುಗಿಯಿತು. ಡಿಶ್ ಟಿವಿ ಕಂಪನಿಯದ್ದು 95 ಡಿಗ್ರಿ, ಅದಕ್ಕೆ ಒಂದಿಷ್ಟೇ ಸರಿಸುವ ಕೆಲಸ. ಟಾಟಾ ಪ್ಲೇ 83, ಏರ್‌ಟೆಲ್ 108ರ ಕಡೆ. ಅವನ್ನು ಮೊದಲಿನಿಂದ ತಿರುಗಿಸಿ ಕೂರಿಸಬೇಕು.

ಗದಗ-ಬೆಟಗೇರಿ:

ಗಾಳಿಯ ವಿಷಯ ಯಾರೂ ಹೇಳಲಿಲ್ಲವಲ್ಲ. ಕಪ್ಪತಗುಡ್ಡದ ಸುತ್ತ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಆಷಾಢದ ಗಾಳಿಗೆ ಮಾಳಿಗೆಯ ಮೇಲೆ ಎರಡು ಕಲ್ಲು ಹೇರಿ ನಿಲ್ಲಿಸಿದ ಡಿಶ್ ನಿಲ್ಲುವುದಿಲ್ಲ. ಒಂದು ಡಿಗ್ರಿ ಅಲುಗಿದರೂ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಹಳೆಯ ಆಂಟೆನಾದ ಪೈಪಿಗೇ ಡಿಶ್ ಕಟ್ಟುವ ಆಸೆ ನಿಮಗೂ ಬರಬಹುದು. ಬೇಡ. ಅದು ಉದ್ದ ಪೈಪು, ತುದಿ ತೂಗಾಡುತ್ತದೆ. ಕಾಂಕ್ರೀಟ್ ಗೋಡೆಗೆ ಫಾಸ್ಟನರ್ ಹೊಡೆಸಿ ಗಿಡ್ಡ ಪೈಪು ಕೂರಿಸಿ. ನಮ್ಮದು ಮಣ್ಣಿನ ಮಾಳಿಗೆ, ತೂತು ಕೊರೆದರೆ ಸೋರುತ್ತದೆ. ಹಾಗಾಗಿ ಹಿತ್ತಿಲಲ್ಲಿ ನೆಲಕ್ಕೇ ಸಿಮೆಂಟ್ ಹಾಕಿ ನಿಲ್ಲಿಸಿದೆವು. ಆಮೇಲೆ ಅದರ ತಂಟೆಗೆ ಹೋಗಿಲ್ಲ.

ಧಾರವಾಡ, ನಿವೃತ್ತ ಭೌತಶಾಸ್ತ್ರ ಅಧ್ಯಾಪಕ:

ನಿಮಗೆ ಗಾಳಿ, ನಮಗೆ ಮಳೆ ಮತ್ತು ಮಂಗ. ಧಾರವಾಡ ಮಲೆನಾಡಿನ ಸೆರಗು, ಜಡಿಮಳೆ ಹಿಡಿದಾಗ ಉಪಗ್ರಹದಿಂದ ಬರುವ ಕೆಯು ಪಟ್ಟಿಯ (ಬಹಳ ಸಣ್ಣ ಅಲೆಗಳ) ಸಿಗ್ನಲನ್ನು ನೀರಿನ ಹನಿಗಳೇ ನುಂಗುತ್ತವೆ. ಸ್ವಲ್ಪ ದೊಡ್ಡ ಡಿಶ್ ಹಾಕಿಸಿದರೆ ಚಿತ್ರ ಹೋಗುವುದು ಕಡಿಮೆಯಾಗುತ್ತದೆ, ಪೂರ್ತಿ ತಪ್ಪುವುದಿಲ್ಲ. ಮಳೆ ನಿಂತ ಮೇಲೂ ಬಾರದಿದ್ದರೆ ಎಲ್ಎನ್‌ಬಿಯ ಬಳಿಯ ಕನೆಕ್ಟರ್ ಬಿಚ್ಚಿ ನೋಡಿ. ನಡುವಿನ ತಾಮ್ರದ ತಂತಿ ಕಪ್ಪಾಗಿದ್ದರೆ, ಸುತ್ತಲಿನ ಹೆಣಿಗೆಯಲ್ಲಿ ಹಸಿರು ಪುಡಿ ಕೂತಿದ್ದರೆ, ನೀರು ಒಳಗಿಳಿದಿದೆ ಎಂದರ್ಥ. ಅಷ್ಟು ಕತ್ತರಿಸಿ ಹೊಸ ಕನೆಕ್ಟರ್ ಹಾಕಿ. ಹೆಣಿಗೆಯ ಒಂದು ಎಳೆಯೂ ನಡುವಿನ ತಂತಿಗೆ ತಾಗಬಾರದು, ತಾಗಿದರೆ ಶಾರ್ಟ್. ವೈರ್ ಕಿಟಕಿಯೊಳಗೆ ಬರುವ ಮೊದಲು ಕೆಳಕ್ಕೆ ಒಂದು ಸುತ್ತು ಇಳಿಬಿಡಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಎಲ್ಎನ್‌ಬಿ ತೋಳಿಗೆ ಜೋತಾಡುವ ಮಂಗಗಳಿಗೆ ಮದ್ದು ಗೊತ್ತಿದ್ದವರು ನನಗೂ ತಿಳಿಸಿ.

ಹುಬ್ಬಳ್ಳಿ, ಐಟಿ ಉದ್ಯೋಗಿ:

ಮನೆಯಲ್ಲಿ ಇಂಟರ್ನೆಟ್ ಇದ್ದರೆ ಇಷ್ಟೆಲ್ಲ ಏಕೆ? ಪ್ರಸಾರ ಭಾರತಿಯ 'ವೇವ್ಸ್' ಆ್ಯಪ್ 2024ರ ನವೆಂಬರ್‌ನಲ್ಲಿ ಬಂದಿದೆ, ದೂರದರ್ಶನದ ವಾಹಿನಿಗಳು ಅದರಲ್ಲಿ ನೇರವಾಗಿ ಸಿಗುತ್ತವೆ. ಅಲ್ಲದೆ ಮೊಬೈಲ್‌ಗೇ ನೇರ ಪ್ರಸಾರ ಬರಲಿದೆ ಎನ್ನುತ್ತಾರೆ, ಬೆಂಗಳೂರಿನಲ್ಲೂ ಪ್ರಯೋಗ ನಡೆದಿದೆ.

ಹುಬ್ಬಳ್ಳಿ, ಟಿವಿ ದುರಸ್ತಿ ಮಾಡುವವನು:

ಆ್ಯಪ್ ಒಳ್ಳೆಯದೇ, ಆದರೆ ಡೇಟಾಕ್ಕೂ ರೀಚಾರ್ಜ್ ಬೇಕಲ್ಲ ಸರ್, ಅವರು ತಪ್ಪಿಸಿಕೊಳ್ಳಬೇಕೆಂದಿರುವುದು ಅದನ್ನೇ. ಮೊಬೈಲ್‌ಗೆ ನೇರ ಪ್ರಸಾರದ ಪ್ರಯೋಗ ನಡೆದಿರುವುದು ಎಟಿಎಸ್‌ಸಿ 3.0 ಎಂಬ ಬೇರೆ ಪದ್ಧತಿಯಲ್ಲಿ. ಈಗಿನ ಟಿವಿಗಳ ಟಿ2 ಟ್ಯೂನರ್‌ಗೆ ಆ ಭಾಷೆ ತಿಳಿಯದು. ಅದನ್ನು ನೆಚ್ಚಿ ಕಡ್ಡಿ ಆಂಟೆನಾ ಕಾಯುತ್ತ ಕೂರುವುದು ಬೇಡ.

ಕೇಳಿದವರು, ಗದಗ ತಾಲ್ಲೂಕು:

ಎಲ್ಲರಿಗೂ ಧನ್ಯವಾದ. ಟಿವಿಯ ಹಿಂದೆ ತಿರುಪಿನ ಗೆರೆಗಳಿರುವ ಕೊಳವೆ ಇದೆ. ಓಣಿಯಲ್ಲೇ ಒಬ್ಬರ ಮನೆಯ ಮೇಲೆ ಸನ್ ಡೈರೆಕ್ಟ್ ಡಿಶ್ ಬಿದ್ದಿದೆ, ಕೊಡುತ್ತೇನೆ ಎಂದಿದ್ದಾರೆ. ಒಂದು ಸಂಶಯ: ಕಾಕಾ ಅವರ ಮನೆ ಪಕ್ಕದ ಗೋಡೆಗೇ ಅಂಟಿಕೊಂಡಿದೆ. ಅದೇ ವೈರನ್ನು ಎರಡು ಮಾಡಿ ಅವರ ಟಿವಿಗೂ ಕೊಡಬಹುದೇ?

ಹುಬ್ಬಳ್ಳಿ, ಟಿವಿ ದುರಸ್ತಿ ಮಾಡುವವನು:

ಕೇಬಲ್ ಟಿವಿಯವರು ಹಾಕುವ ಸ್ಪ್ಲಿಟರ್ ಇಲ್ಲಿ ನಡೆಯುವುದಿಲ್ಲ. ಯಾವ ಚಾನೆಲ್ ಬೇಕೆನ್ನುವುದರ ಮೇಲೆ ಟಿವಿ ಎಲ್ಎನ್‌ಬಿಗೆ 13 ಅಥವಾ 18 ವೋಲ್ಟ್ ಕಳುಹಿಸುತ್ತದೆ. ಒಂದೇ ವೈರಿನಲ್ಲಿ ಒಬ್ಬರದು 13, ಇನ್ನೊಬ್ಬರದು 18 ಆದರೆ ಒಬ್ಬರ ಚಿತ್ರ ಹೋಗುತ್ತದೆ, ಅಪ್ಪ-ಕಾಕಾ ನಡುವೆ ಜಗಳಕ್ಕೆ ನೀವೇ ಕಾರಣರಾಗುತ್ತೀರಿ. ಎರಡು ಔಟ್‌ಪುಟ್ ಇರುವ ಎಲ್ಎನ್‌ಬಿ ಕೇಳಿ ತನ್ನಿ, 9750/10600ರದ್ದೇ ಆಗಿರಲಿ. ಅದರಿಂದ ಎರಡೂ ಮನೆಗೆ ಬೇರೆ ಬೇರೆಯಾಗಿ ಡಿಶ್‌ಗೆ ಬಳಸುವ ದುಂಡನೆಯ ಆರ್‌ಜಿ-6 ವೈರ್ ಎಳೆಯಿರಿ. ಹಳೆಯ ಆಂಟೆನಾದ ಚಪ್ಪಟೆ ವೈರ್ ಉಳಿದಿದ್ದರೆ ಅದನ್ನು ಇದಕ್ಕೆ ಬಳಸಬೇಡಿ.