ಐದು ಕೋಟಿಯ ಜಾಹೀರಾತು ಮತ್ತು ಅಜ್ಜಿಯ ಬೆಳ್ಳಿ ರೂಪಾಯಿ

ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ನಡೆದ ಮಾತು ಇದು. ಇದೇ ಪ್ರಶ್ನೆ ಬೇರೆ ಮನೆಗಳಲ್ಲೂ ಎದ್ದಿರುತ್ತದೆ ಅಂತ ಎಲ್ಲರ ಒಪ್ಪಿಗೆ ಕೇಳಿ ಇಲ್ಲಿ ಹಾಕುತ್ತಿದ್ದೇನೆ. ಶುಭೋದಯದ ಚಿತ್ರಗಳನ್ನೂ ಮದುವೆ ಛತ್ರದ ಮಾತುಗಳನ್ನೂ ತೆಗೆದಿದ್ದೇನೆ. ಹೆಸರಿನ ಬದಲು ಸಂಬಂಧ ಬರೆದಿದ್ದೇನೆ.

ಡಲ್ಲಾಸ್ ಭಾವ: ಈ ಚಿತ್ರ ನೋಡಿ ಎಲ್ಲರೂ. ಅಮೆರಿಕದ ಎನ್‌ಜಿಸಿ ಸಂಸ್ಥೆ ಗ್ರೇಡ್ ಮಾಡಿದ ನಾಣ್ಯಗಳು ಐದು ಕೋಟಿ ದಾಟಿವೆ. ಐದು ಕೋಟಿ! ಉಪಯೋಗ ಇಲ್ಲದೆ ಜನ ಸುಮ್ನೆ ಕಳಿಸುತ್ತಾರಾ? ಅಜ್ಜಿಯ ಲಕ್ಷ್ಮಿ ಡಬ್ಬಿಯಲ್ಲಿ ಬೆಳ್ಳಿ ರೂಪಾಯಿಗಳಿವೆ ಅಲ್ವಾ? ಅಲ್ಲಿಗೆ ಬಂದಿರುವ ನಮ್ಮನೆಯವಳು ವಾಪಸ್ ಬರುವಾಗ ತರಲಿ. ಇಲ್ಲಿ ಗ್ರೇಡ್ ಮಾಡಿಸೋಣ.

ಅತ್ತೆ: ಗ್ರೇಡ್ ಅಂದರೆ ಏನಪ್ಪಾ? ಚಿನ್ನಕ್ಕೆ ಹಾಲ್‌ಮಾರ್ಕ್ ಹಾಕಿದ ಹಾಗಾ?

ಡಲ್ಲಾಸ್ ಭಾವ: ಹೆಚ್ಚುಕಡಿಮೆ ಹಾಗೇ ಅತ್ತೆ. ನಾಣ್ಯ ಅಸಲಿಯೋ ನಕಲಿಯೋ ನೋಡುತ್ತಾರೆ. ಸವೆತ, ಗೀರು, ಹೊಳಪು ಎಲ್ಲ ನೋಡಿ 1ರಿಂದ 70ರವರೆಗೆ ಒಂದು ಅಂಕ ಕೊಡುತ್ತಾರೆ. ಆಮೇಲೆ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡುತ್ತಾರೆ. ಅದಕ್ಕೆ ಸ್ಲ್ಯಾಬ್ ಅನ್ನುತ್ತಾರೆ. ಸ್ಲ್ಯಾಬ್ ಇದ್ದರೆ ಮಾರುವಾಗ ಯಾರೂ ಚೌಕಾಸಿ ಮಾಡುವ ಹಾಗಿಲ್ಲ.

ನಾನು: ಭಾವ, ನನ್ನ ತಕರಾರು ಇಲ್ಲೇ ಶುರು. ಹಾಲ್‌ಮಾರ್ಕ್‌ನಲ್ಲಿ ಚಿನ್ನ ಎಷ್ಟು ಶುದ್ಧ ಎಂದು ಯಂತ್ರವಿಟ್ಟು ಅಳೆಯುತ್ತಾರೆ. ಯಾರು ಅಳೆದರೂ 916 ಅಂದರೆ 916. ನಾಣ್ಯದ ಗ್ರೇಡನ್ನು ಕಣ್ಣಲ್ಲಿ ನೋಡಿ ಹೇಳುತ್ತಾರೆ. ಅನುಭವಸ್ಥರ ಕಣ್ಣು, ಒಪ್ಪುತ್ತೇನೆ. ಆದರೂ ಅದು ಅಭಿಪ್ರಾಯವೇ. 2003ರಲ್ಲಿ ಅಮೆರಿಕದ ಕಾಯಿನ್ ವರ್ಲ್ಡ್ ಪತ್ರಿಕೆಯವರು ಒಂದು ಪರೀಕ್ಷೆ ಮಾಡಿದರು. ಅವೇ ನಾಣ್ಯಗಳನ್ನು ಒಂದಾದ ಮೇಲೊಂದು ಗ್ರೇಡಿಂಗ್ ಸಂಸ್ಥೆಗೆ ಕಳಿಸಿದರು. ಒಂದೇ ಒಂದು ನಾಣ್ಯದ ವಿಷಯದಲ್ಲೂ ಎಲ್ಲ ಸಂಸ್ಥೆಗಳ ಅಂಕ ಒಂದೇ ಆಗಲಿಲ್ಲ. ಕೆಲವಕ್ಕೆ ಏಳು ಅಂಕದವರೆಗೂ ವ್ಯತ್ಯಾಸ ಬಂತು.

ಡಲ್ಲಾಸ್ ಭಾವ: ಅದರಲ್ಲಿ ಸಣ್ಣಪುಟ್ಟ ಸಂಸ್ಥೆಗಳೂ ಇದ್ದವು. ಪಿಸಿಜಿಎಸ್, ಎನ್‌ಜಿಸಿ ಎಂಬ ಎರಡು ದೊಡ್ಡ ಗ್ರೇಡಿಂಗ್ ಸಂಸ್ಥೆಗಳ ಮಾತೇ ಬೇರೆ. ಈ ಡಬ್ಬಿಗಳು ಬರುವ ಮೊದಲು ಏನಾಗುತ್ತಿತ್ತು ಗೊತ್ತಾ? ವ್ಯಾಪಾರಿ ಕೊಳ್ಳುವಾಗ ‘ಇದು ಸಾಧಾರಣ’ ಅನ್ನುತ್ತಿದ್ದ. ಅದೇ ನಾಣ್ಯ ಮಾರುವಾಗ ‘ಅಪರೂಪದ ಸ್ಥಿತಿ’ ಅನ್ನುತ್ತಿದ್ದ. 1986ರಲ್ಲಿ ಪಿಸಿಜಿಎಸ್, 1987ರಲ್ಲಿ ಎನ್‌ಜಿಸಿ ಬಂದ ಮೇಲೆ ಮೂರನೆಯವರೊಬ್ಬರು ಹೇಳುವ ಹಾಗಾಯಿತು. ತಪ್ಪು ಗ್ರೇಡ್ ಕೊಟ್ಟರೆ, ನಕಲಿಯನ್ನು ಅಸಲಿ ಅಂದರೆ ಪರಿಹಾರ ಕೊಡುವ ಗ್ಯಾರಂಟಿಯೂ ಇದೆ.

ನಾನು: ಅದು ದೊಡ್ಡ ಉಪಕಾರವೇ ಭಾವ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಈ ಕೆಲಸ ಶುರುವಾಗಿದ್ದೇ ನಕಲಿ ಹಿಡಿಯಲು. ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಅಸೋಸಿಯೇಷನ್ ಎಂಬ ನಾಣ್ಯಾಸಕ್ತರ ಸಂಘ 1972ರಲ್ಲಿ ಅಸಲಿ-ನಕಲಿ ಹೇಳುವ ಸೇವೆ ತೆರೆಯಿತು. ಅಂಕ ಕೊಡುವುದು ಶುರುವಾಗಿದ್ದು 1979ರಲ್ಲಿ. ನನ್ನ ಜಗಳ ಆ ಐದು ಕೋಟಿಯ ಜೊತೆ. ಆ ಸಂಖ್ಯೆ ತೋರಿಸಿ ಅಜ್ಜಿಯ ನಾಣ್ಯ ಕಳಿಸಿ ಅನ್ನುವುದರ ಜೊತೆ.

ಮೈಸೂರು ಚಿಕ್ಕಪ್ಪ: ಸಂಖ್ಯೆ ಸುಳ್ಳು ಅನ್ನುತ್ತೀಯಾ?

ನಾನು: ಇಲ್ಲ ಚಿಕ್ಕಪ್ಪ, ಸಂಖ್ಯೆ ನಿಜವೇ. ಅದರೊಳಗೆ ಏನಿದೆ ಅಂತ ನೋಡಬೇಕು. ಅಮೆರಿಕದ ಟಂಕಸಾಲೆ 1986ರಿಂದ ‘ಸಿಲ್ವರ್ ಈಗಲ್’ ಎಂಬ ಒಂದು ಔನ್ಸ್ ಬೆಳ್ಳಿ ನಾಣ್ಯ ಹೊಡೆಯುತ್ತಿದೆ. 2015ರ ಒಂದೇ ವರ್ಷದಲ್ಲಿ 4 ಕೋಟಿ 70 ಲಕ್ಷ ಹೊಡೆದರು. ಇಂಥ ಹೊಸ ನಾಣ್ಯಗಳನ್ನು ದೊಡ್ಡ ವ್ಯಾಪಾರಿಗಳು ಟಂಕಸಾಲೆಯಿಂದ ತಂದು ಪೆಟ್ಟಿಗೆ ಪೆಟ್ಟಿಗೆಯಾಗಿ ಗ್ರೇಡಿಂಗಿಗೆ ಕಳಿಸುತ್ತಾರೆ. ಯಾರ ಜೇಬಿಗೂ ಹೋಗದ ನಾಣ್ಯಕ್ಕೆ 69, 70 ಬರುವುದು ಸಹಜ ಅಲ್ವಾ? ಬಿಡುಗಡೆಯಾದ ಆರಂಭದ ದಿನಗಳಲ್ಲೇ ಕಳಿಸಿದರೆ ‘ಅರ್ಲಿ ರಿಲೀಸಸ್’ ಎಂಬ ಬೇರೆ ಚೀಟಿಯೂ ಸಿಗುತ್ತದೆ. ಆ ಚೀಟಿಗೂ ಜಾಸ್ತಿ ದುಡ್ಡು. ಇವೂ ಆ ಐದು ಕೋಟಿಯಲ್ಲಿ ಸೇರಿವೆ. ಅಪರೂಪದ ಹಳೆಯ ನಾಣ್ಯವೂ ಅದೇ ಲೆಕ್ಕದಲ್ಲಿ ಒಂದು. ನಿನ್ನೆ ಮೊನ್ನೆ ಹೊಡೆದದ್ದೂ ಒಂದು.

ಇನ್ನೊಂದು ವಿಷಯ. 64 ಬಂದ ನಾಣ್ಯಕ್ಕೆ 65 ಬಂದರೆ ಕೆಲವು ಸಲ ಬೆಲೆ ಹಲವು ಪಟ್ಟು ಏರುತ್ತದೆ. ಹಾಗಾಗಿ ಡಬ್ಬಿ ಒಡೆದು ನಾಣ್ಯ ತೆಗೆದು ಮತ್ತೆ ಕಳಿಸುತ್ತಾರೆ. ಮತ್ತೆ ಒಡೆಯುತ್ತಾರೆ, ಮತ್ತೆ ಕಳಿಸುತ್ತಾರೆ. ಇದಕ್ಕೆ ‘ಕ್ರ್ಯಾಕ್ ಔಟ್’ ಅನ್ನುತ್ತಾರೆ. ಹಳೆಯ ಚೀಟಿಯನ್ನು ಸಂಸ್ಥೆಗೆ ವಾಪಸ್ ಕೊಡದಿದ್ದರೆ ಒಂದೇ ನಾಣ್ಯ ಲೆಕ್ಕದಲ್ಲಿ ಮೂರು, ನಾಲ್ಕು ನಾಣ್ಯ ಆಗುತ್ತದೆ. ‘ಈ ಗ್ರೇಡಿನಲ್ಲಿ ಇಷ್ಟೇ ನಾಣ್ಯ ಇವೆ’ ಎಂದು ಸಂಸ್ಥೆಗಳು ಕೊಡುವ ಪಟ್ಟಿಯಲ್ಲೂ ಇದೇ ತೊಂದರೆ. ಸಂಗ್ರಾಹಕರು ಆ ಪಟ್ಟಿ ನೋಡಿಯೇ ಬೆಲೆ ಕಟ್ಟುತ್ತಾರೆ. ಇದು ನನಗೆ ನಿಜವಾಗಿಯೂ ಬೇಸರದ ಸಂಗತಿ.

ಡಲ್ಲಾಸ್ ಭಾವ: ಗ್ರೇಡ್ ಇಲ್ಲದೆ ದೊಡ್ಡ ಬೆಲೆಯೂ ಇಲ್ಲ. 1933ರ ಡಬಲ್ ಈಗಲ್ ಚಿನ್ನದ ನಾಣ್ಯ 2021ರಲ್ಲಿ ಸದಬೀಸ್ ಹರಾಜಿನಲ್ಲಿ 1 ಕೋಟಿ 89 ಲಕ್ಷ ಡಾಲರ್‌ಗೆ ಹೋಯಿತು. ಪಿಸಿಜಿಎಸ್ 65 ಕೊಟ್ಟ ನಾಣ್ಯ ಅದು.

ನಾನು: ಆ ಬೆಲೆ ಬಂದದ್ದು 65ಕ್ಕಲ್ಲ ಭಾವ. 1933ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಕಾಲದಲ್ಲಿ ಜನ ಚಿನ್ನ ಇಟ್ಟುಕೊಳ್ಳಬಾರದು ಎಂದು ಆಜ್ಞೆಯಾಯಿತು. ಆ ವರ್ಷ ಹೊಡೆದ ಡಬಲ್ ಈಗಲ್‌ಗಳು ಚಲಾವಣೆಗೇ ಬರಲಿಲ್ಲ, ಕರಗಿಸಿದರು. ಕೆಲವು ಹೊರಗೆ ಹೋದವು. ಖಾಸಗಿ ಕೈಯಲ್ಲಿ ಕಾನೂನುಬದ್ಧವಾಗಿ ಇರಬಹುದಾದದ್ದು ಅದೊಂದೇ. ಈಜಿಪ್ಟಿನ ಫಾರೂಕ್ ರಾಜನ ಸಂಗ್ರಹದಲ್ಲಿದ್ದದ್ದು ಎಂಬ ಮಾತೂ ಅದಕ್ಕಿದೆ. ಅದಕ್ಕೆ 60 ಬಂದಿದ್ದರೂ ಜನ ಹರಾಜಿನಲ್ಲಿ ಮುಗಿಬೀಳುತ್ತಿದ್ದರು.

1ರಿಂದ 70ರ ಲೆಕ್ಕ ಎಲ್ಲಿಂದ ಬಂತು ಅಂತಲೂ ಹೇಳುತ್ತೇನೆ. 1949ರಲ್ಲಿ ವಿಲಿಯಂ ಶೆಲ್ಡನ್ ಎಂಬ ಮನಶ್ಶಾಸ್ತ್ರಜ್ಞ ಅಮೆರಿಕದ ಹಳೆಯ ತಾಮ್ರದ ಸೆಂಟ್‌ಗಳ ಬೆಲೆ ಲೆಕ್ಕ ಹಾಕಲು ಇದನ್ನು ಮಾಡಿದ. ತೀರಾ ಸವೆದ ನಾಣ್ಯಕ್ಕೆ ಒಂದು ಡಾಲರ್ ಆದರೆ ಅದೇ ಬಗೆಯ ಅತ್ಯುತ್ತಮ ನಾಣ್ಯಕ್ಕೆ 70 ಡಾಲರ್. ಆಗಿನ ಆ ಮಾರುಕಟ್ಟೆಯ ಲೆಕ್ಕ ಅಷ್ಟೇ. ಬೆಲೆಗಳು ಬದಲಾದವು, ಅಂಕ ಮಾತ್ರ ಉಳಿಯಿತು. ಅದೇ ಶೆಲ್ಡನ್ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಸಂಗ್ರಹದಿಂದ ಒಳ್ಳೆಯ ಸೆಂಟ್‌ಗಳನ್ನು ತೆಗೆದು, ಆ ಜಾಗದಲ್ಲಿ ತನ್ನ ಕಳಪೆ ಸೆಂಟ್‌ಗಳನ್ನು ಇಟ್ಟಿದ್ದ ಎಂದು ಆಮೇಲೆ ಬಯಲಾಯಿತು. ಸವೆತದ ಬೆಲೆ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು!

ಮೈಸೂರು ಚಿಕ್ಕಪ್ಪ: ಇದನ್ನೆಲ್ಲ ಕೇಳುವವರೇ ಇಲ್ಲವೇ ಅಲ್ಲಿ?

ನಾನು: ಕೇಳಿದ್ದಾರೆ ಚಿಕ್ಕಪ್ಪ. 1990ರಲ್ಲಿ ಫೆಡರಲ್ ಟ್ರೇಡ್ ಕಮಿಷನ್ ಎಂಬ ಅಲ್ಲಿನ ಸರ್ಕಾರಿ ಗ್ರಾಹಕ ರಕ್ಷಣಾ ಸಂಸ್ಥೆ ಪಿಸಿಜಿಎಸ್ ಮೇಲೆ ದಾವೆ ಹಾಕಿತು. ಜಾಹೀರಾತಿನಲ್ಲಿ ಉತ್ಪ್ರೇಕ್ಷೆ ಇದೆ ಎಂದು ದೂರು. ಸಂಸ್ಥೆ ತಪ್ಪು ಒಪ್ಪದೆ ರಾಜಿ ಮಾಡಿಕೊಂಡಿತು, ಜಾಹೀರಾತಿನಲ್ಲಿ ಎಚ್ಚರಿಕೆಯ ಮಾತು ಸೇರಿಸಲು ಒಪ್ಪಿತು. ಎನ್‌ಜಿಸಿ ಸ್ಥಾಪಿಸಿದ ಜಾನ್ ಆಲ್ಬನೀಸ್ ಅವರೇ 2007ರಲ್ಲಿ ಸಿಎಸಿ ಎಂಬ ಇನ್ನೊಂದು ಸಂಸ್ಥೆ ಶುರು ಮಾಡಿದರು. ಡಬ್ಬಿಯೊಳಗಿನ ನಾಣ್ಯ ಆ ಗ್ರೇಡಿಗೆ ಸರಿಯಾಗಿ ತೂಗುತ್ತದೆ ಅನಿಸಿದರೆ ಡಬ್ಬಿಯ ಮೇಲೆ ಹಸಿರು ಸ್ಟಿಕರ್. ಇನ್ನೂ ಹೆಚ್ಚಿನ ಗ್ರೇಡಿಗೆ ಯೋಗ್ಯ ಅನಿಸಿದರೆ ಚಿನ್ನದ ಬಣ್ಣದ ಸ್ಟಿಕರ್. ಗ್ರೇಡ್ ಕೊಟ್ಟವರ ಮೇಲೆ ಗ್ರೇಡ್ ಕೊಡುವವರು ಬೇಕಾದರು, ಅವರಿಗೂ ಗಿರಾಕಿಗಳು ಸಾಲುಗಟ್ಟಿದರು. 2021ರಲ್ಲಿ ಎನ್‌ಜಿಸಿಯ ಮಾತೃಸಂಸ್ಥೆಯ ಹೆಚ್ಚಿನ ಪಾಲನ್ನು ಬ್ಲ್ಯಾಕ್‌ಸ್ಟೋನ್ ಎಂಬ ಹೂಡಿಕೆ ಸಂಸ್ಥೆ ಕೊಂಡಿತು. 50 ಕೋಟಿ ಡಾಲರ್‌ಗೂ ಹೆಚ್ಚು ಮೌಲ್ಯ ಕಟ್ಟಿದ ವ್ಯವಹಾರ ಅದು. ಅಷ್ಟು ಹಣ ಹೂಡಿದವರು ಎಷ್ಟು ನಾಣ್ಯ ಬಂತು ಎಂದು ಸಾರುವುದು ಸಹಜ. ಅದು ಅವರ ವ್ಯಾಪಾರ ಬೆಳೆದ ಸುದ್ದಿ. ನಮ್ಮ ನಾಣ್ಯದ ಸುದ್ದಿ ಅದರಲ್ಲಿಲ್ಲ.

ಅಕ್ಕ: ನೀವಿಬ್ಬರೂ ಜಗಳ ಆಡುತ್ತಿರಿ. ನಾನು ಅಜ್ಜಿಯ ಡಬ್ಬಿ ತೆಗೆದೆ. ರಾಣಿ ಮುಖದ್ದು 1862, ರಾಜನ ಮುಖದ್ದು 1911, ಇನ್ನು 1940, 1944. ಒಂದಕ್ಕೆ ಕೊಂಡಿ ಬೆಸೆದ ಗುರುತಿದೆ. ತಾಮ್ರದ್ದೊಂದಿದೆ, ಆನೆ ಚಿತ್ರ. ಎಲ್ಲ ಫಳಫಳ ಅನ್ನುತ್ತಿವೆ.

ಅತ್ತೆ: ಫಳಫಳ ಅನ್ನದೆ ಇರುತ್ತಾ? ವರಮಹಾಲಕ್ಷ್ಮಿಗೂ ದೀಪಾವಳಿಗೂ ಅಮ್ಮ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದರು. ಈಗ ನಾನು ತಿಕ್ಕುತ್ತೇನೆ.

ಡಲ್ಲಾಸ್ ಭಾವ: ಅಯ್ಯೋ.

ನಾನು: ಭಾವನಿಗೆ ಅರ್ಥವಾಯಿತು, ಉಳಿದವರಿಗೆ ಹೇಳುತ್ತೇನೆ. ಹೊಸ ನಾಣ್ಯದ ಮೇಲೆ ಒಂದು ಮೂಲ ಹೊಳಪಿರುತ್ತದೆ. ಅಚ್ಚು ಒತ್ತಿದಾಗ ಲೋಹ ಹರಿದು ಸಣ್ಣ ಸಣ್ಣ ಗೆರೆಗಳು ಬೀಳುತ್ತವೆ, ಬೆಳಕು ಅದರ ಮೇಲೆ ತಿರುಗುತ್ತದೆ. ವರ್ಷಗಳು ಕಳೆದ ಹಾಗೆ ಬೆಳ್ಳಿಗೆ ಒಂದು ಕಪ್ಪು, ನೀಲಿ ಛಾಯೆ ಬರುತ್ತದೆ. ಸಂಗ್ರಾಹಕರಿಗೆ ಬೇಕಾದದ್ದು ಇವೆರಡು. ಹುಣಸೆಹಣ್ಣಿನ ಹುಳಿ ಆ ಮೇಲ್ಪದರವನ್ನು ತಿನ್ನುತ್ತದೆ, ತಿಕ್ಕಿದರೆ ಗೀರು ಬೀಳುತ್ತದೆ. ಇಂಥ ನಾಣ್ಯಕ್ಕೆ ಸಂಸ್ಥೆಯವರು ಅಂಕವನ್ನೇ ಕೊಡುವುದಿಲ್ಲ. ‘ಡೀಟೇಲ್ಸ್, ತೊಳೆದಿದೆ’ ಎಂದು ಚೀಟಿಯಲ್ಲಿ ಬರೆಯುತ್ತಾರೆ. ಕೊಂಡಿ ಬೆಸೆದದ್ದಕ್ಕೂ ಅಷ್ಟೇ, ಒಡವೆಯಾಗಿತ್ತು ಎಂದು ಬರೆಯುತ್ತಾರೆ. ನಮ್ಮ ಕಡೆ ಹಳೆಯ ರೂಪಾಯಿ ಇರುವ ಎಷ್ಟೋ ಮನೆಗಳ ಕಥೆ ಇದು. ಕಾಸಿನ ಸರಕ್ಕೆ ಪೋಣಿಸಿದ್ದಾರೆ, ಕಳಶಕ್ಕೆ ಹಾಕಿದ್ದಾರೆ, ಪೂಜೆಗೆ ತೊಳೆದಿದ್ದಾರೆ. ಅಜ್ಜಿ ಮಾಡಿದ್ದರಲ್ಲಿ ಏನೂ ತಪ್ಪಿಲ್ಲ. ಅವರಿಗೆ ಅದು ಲಕ್ಷ್ಮಿ, ಮಾರುವ ಸರಕಾಗಿರಲಿಲ್ಲ. ಆ ಪ್ರೀತಿಯನ್ನು ದೋಷ ಅಂತ ಚೀಟಿಯಲ್ಲಿ ಬರೆಸಲು ನಾವು ದುಡ್ಡು ಕೊಡಬೇಕಾ?

ಡಲ್ಲಾಸ್ ಭಾವ: 1911 ಇದೆಯಲ್ಲ! ಅದು ಹಂದಿ ರೂಪಾಯಿ. ಅದಕ್ಕೆ ಡೀಟೇಲ್ಸ್ ಬಂದರೂ ಬೆಲೆ ಇದೆ.

ಮೈಸೂರು ಚಿಕ್ಕಪ್ಪ: ಹಂದಿ ರೂಪಾಯಿನಾ?

ನಾನು: ಐದನೇ ಜಾರ್ಜ್ ರಾಜನ ಮೇಲಂಗಿಯ ಮೇಲೆ ಒಂದು ಪುಟ್ಟ ಆನೆ ಇದೆ ಚಿಕ್ಕಪ್ಪ. ಸೊಂಡಿಲು ಮೋಟಾಗಿ ಹಂದಿಯ ಹಾಗೆ ಕಂಡಿತು. ಜನ ಸಿಟ್ಟಾದರು, ನಾಣ್ಯ ವಾಪಸ್ ಪಡೆದರು. 1912ರಿಂದ ಆನೆಯನ್ನು ತಿದ್ದಿ ಹೊಡೆದರು. ಇದು ಅಸಲಿಯೋ ಅಲ್ಲವೋ ತಿಳಿಯುವುದು ಮುಖ್ಯ, ಅದನ್ನು ನಾನೂ ಒಪ್ಪುತ್ತೇನೆ. ಮೊದಲು ತೂಕ ನೋಡೋಣ. ರೂಪಾಯಿ ಒಂದು ತೊಲ, 11.66 ಗ್ರಾಂ ಇರಬೇಕು. ಸವೆದಿದ್ದರೆ ಚೂರು ಕಡಿಮೆ. ಅಕ್ಕಸಾಲಿಗರ ತಕ್ಕಡಿ ಸಾಕು.

ಆದರೆ ಭಾವ, ಅದನ್ನು ಅಮೆರಿಕಕ್ಕೆ ಕಳಿಸುವ ಹಾಗೇ ಇಲ್ಲ. 1972ರ ಪುರಾತನ ವಸ್ತು ಮತ್ತು ಕಲಾನಿಧಿ ಕಾಯ್ದೆ ಪ್ರಕಾರ ನೂರು ವರ್ಷ ತುಂಬಿದ ನಾಣ್ಯ ಪುರಾತನ ವಸ್ತು. ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ತಪ್ಪಿದರೆ ಆರು ತಿಂಗಳಿಗೆ ಕಡಿಮೆ ಇಲ್ಲದ ಜೈಲು, ಮೂರು ವರ್ಷದವರೆಗೂ ಆಗಬಹುದು, ಜೊತೆಗೆ ದಂಡ. 1862, 1911, ಆನೆಯ ತಾಮ್ರದ ಕಾಸು, ಮೂರೂ ಇದರಡಿ ಬರುತ್ತವೆ. ಅಕ್ಕ ಹ್ಯಾಂಡ್‌ಬ್ಯಾಗಿನಲ್ಲಿ ಇಟ್ಟುಕೊಂಡು ಬಂದರೂ ಅದು ರಫ್ತೇ.

ಅಕ್ಕ: ನೋಡಿದಿರಾ? ನನ್ನನ್ನು ವಿಮಾನ ನಿಲ್ದಾಣದಲ್ಲಿ ಹಿಡಿಸುತ್ತಿದ್ದಿರಿ.

ಡಲ್ಲಾಸ್ ಭಾವ: ನೂರು ವರ್ಷದ ಕಾನೂನು ನನಗೆ ಗೊತ್ತಿರಲಿಲ್ಲ. ಆ ಮೂರು ಬೇಡ. 1940, 1944 ನೂರು ಆಗಿಲ್ಲವಲ್ಲ?

ನಾನು: ಆಗಿಲ್ಲ. ಪುರಾತನ ವಸ್ತುವಲ್ಲ ಎಂಬ ಪತ್ರವನ್ನು ಪುರಾತತ್ವ ಸರ್ವೇಕ್ಷಣಾ ಇಲಾಖೆಯಿಂದ ಪಡೆದು ಒಯ್ಯಬಹುದು. ಆದರೆ 1940ರಿಂದ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕೆ ಇಳಿಯಿತು, ಮೊದಲು ಶೇಕಡಾ 91.7 ಇತ್ತು. ಯುದ್ಧದ ಕಾಲದಲ್ಲಿ ರಾಶಿ ರಾಶಿ ಹೊಡೆದ ನಾಣ್ಯ ಅದು, ಮೇಲೆ ಹುಣಸೆಹಣ್ಣು ಬೇರೆ. ಗ್ರೇಡಿಂಗ್ ಶುಲ್ಕ, ಅಂಚೆ, ವಿಮೆ ಸೇರಿದರೆ ನಾಣ್ಯದ ಬೆಲೆ ಮೀರುತ್ತದೆ.

ಅತ್ತೆ: ಹಳೇ ನಾಣ್ಯಕ್ಕೆ ರಿಸರ್ವ್ ಬ್ಯಾಂಕ್ ಲಕ್ಷ ಕೊಡುತ್ತೆ ಅಂತ ನನಗೂ ಬಂದಿತ್ತು. ಅದು?

ನಾನು: ಅದು ಮೋಸ ಅತ್ತೆ. 2021ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕೇ ಎಚ್ಚರಿಕೆ ಕೊಟ್ಟಿದೆ. ಅವರು ಹಳೆಯ ನಾಣ್ಯ ಕೊಳ್ಳುವುದೂ ಇಲ್ಲ, ಅದಕ್ಕೆ ಕಮಿಷನ್ ಕೇಳುವುದೂ ಇಲ್ಲ. ಯಾರಿಗೂ ಒಂದು ಪೈಸೆ ಕಳಿಸಬೇಡಿ.

ಡಲ್ಲಾಸ್ ಭಾವ: ನನ್ನದೊಂದು ಪ್ರಶ್ನೆ ಉಳಿಯಿತು. ಇಲ್ಲಿ ಒಬ್ಬರಿಂದ 1893ರ ‘ಮಾರ್ಗನ್’ ಬೆಳ್ಳಿ ಡಾಲರ್ ಕೊಂಡಿದ್ದೇನೆ, ಹಿಂದೆ ಎಸ್ ಅಕ್ಷರ ಇದೆ. ಅದನ್ನೂ ಕಳಿಸಬೇಡ ಅನ್ನುತ್ತೀಯಾ?

ನಾನು: ಅದನ್ನು ಖಂಡಿತ ಕಳಿಸಿ ಭಾವ! ಎಸ್ ಅಂದರೆ ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆ, ಅಲ್ಲಿ ಆ ವರ್ಷ ಹೊಡೆದದ್ದು ಬರೀ ಒಂದು ಲಕ್ಷ. ಬೇರೆ ಟಂಕಸಾಲೆಯ ಡಾಲರ್‌ಗೆ ಎಸ್ ಅಂಟಿಸಿ ಮಾರುವವರಿದ್ದಾರೆ. ಇಲ್ಲಿ 55 ಬಂತೋ 58 ಬಂತೋ ಆಮೇಲಿನ ಮಾತು. ಆ ಎಸ್ ಅಸಲಿಯೇ ಅಂತ ಅವರು ಹೇಳಿದರೆ ಕೊಟ್ಟ ಶುಲ್ಕ ಸಾರ್ಥಕ. ಡಬ್ಬಿ ಬಂದ ಮೇಲೆ ಅದರ ಸಂಖ್ಯೆಯನ್ನು ಸಂಸ್ಥೆಯ ಜಾಲತಾಣದಲ್ಲಿ ಹಾಕಿ ಫೋಟೋ ಜೊತೆ ತಾಳೆ ನೋಡಿ. ಡಬ್ಬಿಗಳನ್ನೇ ನಕಲು ಮಾಡುವವರೂ ಇದ್ದಾರೆ.

ಅಕ್ಕ: ಹಾಗಾದರೆ ಇವನ್ನು ಡಬ್ಬಿಗೆ ವಾಪಸ್ ಹಾಕಲಾ?

ನಾನು: ಹಾಕು ಅಕ್ಕ. ಒಂದೊಂದನ್ನೂ ಬೇರೆ ಬೇರೆ ಕಾಗದದ ಲಕೋಟೆಯಲ್ಲಿ ಇಡು, ಪಿವಿಸಿ ಪ್ಲಾಸ್ಟಿಕ್ ಬೇಡ, ಅದು ಹಸಿರು ಜಿಗುಟು ಬಿಡುತ್ತದೆ. ಪೂಜೆಗೆ 1944ರದ್ದನ್ನು ಇಡಿ, ಬೇಕಾದಷ್ಟು ತೊಳೆಯಿರಿ. 1862, 1911 ಎರಡಕ್ಕೆ ಮಾತ್ರ ಇನ್ನು ಹುಣಸೆಹಣ್ಣು ಬೇಡ. ಮತ್ತೆ 1862ರ ಎರಡೂ ಮುಖದ ಫೋಟೋ ಹಗಲು ಬೆಳಕಲ್ಲಿ ತೆಗೆದು ಹಾಕು. 1874ರವರೆಗೂ ಅದೇ ಇಸವಿ ಇಟ್ಟು ಹೊಡೆದಿದ್ದಾರೆ. ಸಣ್ಣ ಚುಕ್ಕಿಗಳನ್ನು ಎಣಿಸಿ ಬಗೆ ಗುರುತಿಸುತ್ತಾರೆ.

ಅತ್ತೆ: ಇಸವಿಯ ಕೆಳಗೆ ಚುಕ್ಕಿ ಇದ್ದ ನೆನಪು ನನಗೆ. ಕೊಳೆ ಅಂತ ಅದನ್ನೇ ಜಾಸ್ತಿ ತಿಕ್ಕುತ್ತಿದ್ದೆ.

ನಾನು: ಇದ್ದರೆ ಇನ್ನೂ ಕಾಣುತ್ತದೆ ಅತ್ತೆ, ಅಚ್ಚಿನ ಗುರುತು ಅಷ್ಟು ಬೇಗ ಹೋಗುವುದಿಲ್ಲ. ಅಕ್ಕ, ಫೋಟೋ ಹತ್ತಿರದಿಂದ ತೆಗಿ.